ಹಗಲು ಮಲಗುವವರ ಮನೆ

ನಮ್ಮನೆಯವರು ತೀರಿಕೊಂಡು ಹತ್ತು ತಿಂಗಳಾಗಿತ್ತು. ವರ್ಷದ ಕಾರ್ಯಕ್ಕೆ ಬರುವವರಿಗೆ ಕೊಡಲು ಸಣ್ಣದೊಂದು ನೆನಪಿನ ಪುಸ್ತಕ ಮಾಡಿಸುವುದೆಂದು ಮೈದುನ ಹೇಳಿದ್ದ. ಅದರಲ್ಲಿ ನನ್ನ ಎರಡು ಪುಟ ಇರಲೇಬೇಕಂತೆ. ಮಹಿಳಾ ಸಂಘದ ಪತ್ರಿಕೆಗೆ ತಿಂಗಳು ತಿಂಗಳು ಏನಾದರೊಂದು ಬರೆದುಕೊಡುವವಳು ನಾನು. ಉಪ್ಪಿನಕಾಯಿ ಜಾಡಿ, ಹಪ್ಪಳಕ್ಕೆ ಬರುವ ಕಾಗೆ, ಯಾವುದಾದರೂ ಸಾಕಿತ್ತು. ಈ ಎರಡು ಪುಟ ಮಾತ್ರ ಆಗಲಿಲ್ಲ. 'ಸರಳ ಸ್ವಭಾವದವರು, ಕಾಯಕನಿಷ್ಠರು' ಎಂದು ಬರೆದೆ. ಅದು ಯಾರ ಗಂಡನಿಗೆ ಬೇಕಾದರೂ ಹೊಂದುತ್ತಿತ್ತು. ಹೊಡೆದುಹಾಕಿದೆ. ಅಳುವೂ ಬರುತ್ತಿರಲಿಲ್ಲ. ಈಗಿರುವ ವಿದ್ಯಾನಗರದ ಮನೆಯಲ್ಲಿ ಬೆಳಿಗ್ಗೆ ಹಾಲು ಕಾಯಿಸುವುದು, ಮಧ್ಯಾಹ್ನ ಪಾತ್ರೆ ಒರೆಸಿಡುವುದು, ಅಷ್ಟು ನಡೆಯುತ್ತಿತ್ತು.

ತಂಗಿ ಹೊನ್ನಾವರದ ಹತ್ತಿರ ಸಮುದ್ರದ ದಂಡೆಯಲ್ಲಿ ನಾಲ್ಕು ದಿನಕ್ಕೆ ಒಂದು ಮನೆ ಹಿಡಿದಳು. "ಗಲಾಟೆ ಇಲ್ಲದ ಜಾಗ ಅಕ್ಕ. ನೀರು ನೋಡ್ತಾ ಕೂತ್ರೆ ತಾನಾಗೇ ಬರುತ್ತೆ ನೋಡು."

ಬರಲಿಲ್ಲ. ಎರಡು ದಿನ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಜಗಲಿಯಲ್ಲಿ ಕೂತೆ. ಅಲೆ ಬಂತು, ಹೋಯಿತು. ಹಗ್ಗದ ಮೇಲಿನ ಟವೆಲ್ ಆ ಉಪ್ಪುಗಾಳಿಗೆ ಒಣಗುತ್ತಲೇ ಇರಲಿಲ್ಲ. ಅದನ್ನು ಮತ್ತೆ ಮತ್ತೆ ಮಗುಚಿ ಹಾಕಿದ್ದು ನೆನಪಿದೆ, ಸೂರ್ಯ ಮುಳುಗಿದ್ದು ನೆನಪಿಲ್ಲ.

"ಏನ್ ಬರ್ದೆ?" ತಂಗಿ ಕೇಳಿದಳು.

"ಟವೆಲ್ ಒಣಗಿಲ್ಲ ಅಂತ."

"ಅಯ್ಯೋ ಮಾರಾಯ್ತಿ, ಟವೆಲ್ ನೋಡಕ್ಕೆ ಘಟ್ಟ ಇಳಿದು ಬರ್ಬೇಕಿತ್ತಾ?"

ಮೂರನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೀನು ಮಾರುವ ಹೆಂಗಸೊಬ್ಬಳು ಬಂದು, ಪಕ್ಕದಲ್ಲೇ ಇದ್ದ ಮನೆಯೊಡತಿಯನ್ನು ಗೇಟಿನಾಚೆಯಿಂದ ಜೋರಾಗಿ ಕೂಗಿದಳು. ನಾನು ತಟ್ಟನೆದ್ದು ಹೋಗಿ, ತುಟಿಗೆ ಬೆರಳಿಟ್ಟು, "ಮೆಲ್ಲಗೆ ಕಣಮ್ಮ, ಮಲಗಿದಾರೆ" ಎಂದೆ.

ಆಕೆ ಬುಟ್ಟಿ ಇಳಿಸಿ ಪಿಸುದನಿಯಲ್ಲಿ ಕೇಳಿದಳು: "ಯಾರ್ರಾ? ಹುಷಾರಿಲ್ವ್ರಾ?"

ಹಿಂದೆಯೇ ಬಂದಿದ್ದ ತಂಗಿ ನನ್ನ ಮುಖ ನೋಡಿದಳು. ಒಳಗೆ ಯಾರೂ ಮಲಗಿರಲಿಲ್ಲ.

ಭದ್ರಾವತಿಯ ನ್ಯೂ ಟೌನಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನನ್ನಂತೆ ಸಂಸಾರ ಮಾಡಿದ ಹೆಂಗಸರಿಗೆ ಇದನ್ನು ವಿವರಿಸಬೇಕಿಲ್ಲ. ನೈಟ್ ಶಿಫ್ಟಿನ ವಾರ ಗಂಡಸರು ಹಗಲು ಮಲಗಬೇಕು, ಮನೆ ಸದ್ದಿಲ್ಲದೆ ನಡೆಯಬೇಕು. ಕುಕ್ಕರ್ ಕೂಗುವ ಮುಂಚೆ ಒಲೆ ಸಣ್ಣ ಮಾಡುವುದು. ಬಳೆಗಳನ್ನು ಮೇಲಕ್ಕೇರಿಸಿಕೊಂಡು ಪಾತ್ರೆ ತೊಳೆಯುವುದು. ಚಟ್ನಿ ರುಬ್ಬುವುದಿದ್ದರೆ, ಯಾರ ಗಂಡ ಹಗಲು ಶಿಫ್ಟಿಗೆ ಹೋಗಿದ್ದಾರೋ ಅವರ ಮನೆಯ ಮಿಕ್ಸಿಗೆ ಕಾಯಿತುರಿ ಹಿಡಿದುಕೊಂಡು ಹೋಗುವುದು. ಸೊಪ್ಪಿನವನೂ ನಮ್ಮ ಸಾಲಿಗೆ ಬಂದರೆ ಕೂಗದೆ ಬಾಗಿಲ ಬಳಿ ನಿಲ್ಲುತ್ತಿದ್ದ. ನನ್ನ ಮಗಳು ಗೊಂಬೆಯನ್ನು ಬೈಯುವಾಗಲೂ ಪಿಸುಮಾತಿನಲ್ಲೇ ಬೈಯುತ್ತಿದ್ದಳು.

ಜಗಲಿಗೆ ವಾಪಸು ಬಂದು ಅದನ್ನೇ ಬರೆದೆ. ಕಿಟಕಿಗೆ ಕಟ್ಟುತ್ತಿದ್ದ ಹಳೆಯ ಕಂಬಳಿ. ಅವರು ಗೋಡೆಗೆ ಮುಖ ಮಾಡಿ, ಒಂದು ಕಾಲು ಮಾತ್ರ ಹೊದಿಕೆಯಾಚೆ ಚಾಚಿ ಮಲಗುತ್ತಿದ್ದುದು. ಉಸಿರಿನ ಸದ್ದು ಬದಲಾದ ಕೂಡಲೇ ನಾನು ಟೀಗೆ ನೀರಿಡುತ್ತಿದ್ದುದು. ಊಟದ ಹೊತ್ತಿಗೆ ಆರು ಪುಟವಾಗಿತ್ತು. ಎದೆಯೇನೂ ಹಗುರಾಗಲಿಲ್ಲ, ಕೈ ಮಾತ್ರ ನೋಯುತ್ತಿತ್ತು.

ತಂಗಿ ಓದಿದಳು. "ಚೆನ್ನಾಗಿದೆ ಅಕ್ಕ. ಆದ್ರೆ ಭಾವನ್ನ ಮೊದಲಿಂದ ಕೊನೇತನಕ ಮಲಗಿಸೇ ಇಟ್ಟಿದೀಯಲ್ಲ! ಜನ ಸೋಮಾರಿ ಅಂದ್ಕೋತಾರೆ. ಒಂದ್ ಮಾತಾದ್ರೂ ಆಡ್ಸು."

ಯೋಚಿಸಿದೆ. ಅವರು ಆಡಿದ ಮಾತು ಬೇಕಾದಷ್ಟಿತ್ತು. ನೆನಪು ಮಾಡಿಕೊಂಡದ್ದೆಲ್ಲ ನಾನೇ ಕಟ್ಟಿದಂತೆ ಕೇಳಿಸಿತು. ಅವರು ಮಲಗಿದ್ದಾಗ ಮಾತ್ರ ನಾನು ಅಷ್ಟು ಕಿವಿಗೊಟ್ಟು ಇದ್ದೆ.

"ಬೇಡ, ಹೀಗೇ ಇರ್ಲಿ" ಎಂದೆ.

ಅವಳು ಪುಟಗಳ ಫೋಟೋ ತೆಗೆದು ಮೈದುನನಿಗೆ ಕಳಿಸಿದಳು. ಸಂಜೆ ಅವನೇ ಫೋನ್ ಮಾಡಿದ. "ಎರಡು ಪುಟ ಅಂದಿದ್ದೆ ಅತ್ತಿಗೆ, ಆರು ಬರ್ದಿದೀರಿ" ಎಂದ. "ಅಣ್ಣ ಚಿಕ್ಕೋನಿದ್ದಾಗ್ಲೂ ಹಂಗೇ ಮಲಗ್ತಿದ್ದ, ಒಂದು ಕಾಲು ಆಚೆ. ಪೂರ್ತಿ ಹಾಕ್ಸ್ತೀನಿ."

ಆಗಲಿ ಎಂದೆ.