ಮೂರನೇ ನಂಬರಿನ ಪಖವಾಜು

ಇವತ್ತು ಗುರುವಾರ. ಬೆಳಿಗ್ಗೆ ಎದ್ದವಳೇ ಉಪ್ಪು, ಎಣ್ಣೆ ಯಾವುದೂ ಹಾಕದೆ ಒಂದು ಹಿಡಿ ಗೋಧಿಹಿಟ್ಟು ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ. ಹಸಿ ಕಣಕದ ವಾಸನೆ ಮೂಗಿಗೆ ಬಂದದ್ದೇ ತಡ, ಪಕ್ಕದ ಮನೆಯ ಕಾಕು ಬಂದು ಬಾಗಿಲಲ್ಲಿ ನಿಂತಂತಾಯಿತು... ಈ ಕಣಕ ಚಪಾತಿಗಲ್ಲ, ಮೃದಂಗದಂಥ ಪಖವಾಜಿನ ಎಡ ಮುಖಕ್ಕೆ ಮೆತ್ತಲು. ಇದಿಲ್ಲದಿದ್ದರೆ ಆ ವಾದ್ಯಕ್ಕೆ ಗುಂಯ್ ಎನ್ನುವ ತುಂಬು ದನಿ ಬರುವುದಿಲ್ಲ.

ಸೊಲ್ಲಾಪುರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಕಾಕುವಿನ ಯಜಮಾನರಿಗೆ, ಅಂದರೆ ನಮ್ಮ ಕಾಕಾಗೆ, ಚಾದರದ ಅಂಗಡಿ. ಗುರುವಾರ ಬಂತೆಂದರೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಪಖವಾಜು ಹೆಗಲಿಗೇರಿಸಿ ಅಕ್ಕಲಕೋಟೆಯ ಬಸ್ಸು ಹಿಡಿಯುತ್ತಿದ್ದರು. ಅಲ್ಲಿ ಭಜನೆ. ಕಣಕದ ಡಬ್ಬಿ ಹಿಡಿದು ಕಾಕು ಅವರ ಹಿಂದೆ, ಕಾಕುವಿನ ಹಿಂದೆ ಆಫೀಸಿನಿಂದ ಓಡಿ ಬಂದ ನಾನು. ದೇವರ ಮೇಲಿನ ಭಕ್ತಿಗಿಂತ ಬಾರಿಸುವವರ ಮೇಲಿನ ಹುಚ್ಚೇ ನನಗೆ ಹೆಚ್ಚು. ಹಾಗೆಂದು ಹೇಳಲು ನಾಚಿಕೆಯೇನೂ ಇಲ್ಲ.

ಮರಳಿ ಬರುವ ಬಸ್ಸಿನಲ್ಲಿ ಕಾಕುವಿಗೂ ನನಗೂ ಒಂದೇ ವಾದ: ಯಾರ ಕೈ ದೊಡ್ಡದು? ಈ ಸೀಮೆಯಲ್ಲಿ ಒಂದನೇ ನಂಬರ್ ತಡವಳದ ಮಾಸ್ತರರದು ಎಂದು ನಾನು. ಬೆರಳು ಕಣ್ಣಿಗೆ ಕಾಣದಷ್ಟು ಜೋರಾಗಿ ಓಡುತ್ತಿದ್ದರೂ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು, ಹಸನು ಮಾಡಿದ ಜೋಳ ಸುರಿದಂತೆ. ಕಾಕುವಿನ ಪ್ರಕಾರ ಒಂದನೆಯವರು ನಾಗಣಸೂರಿನ ಒಬ್ಬ ಅಜ್ಜ.

"ಮಾಸ್ತರ್ ಬಾರಿಸಿದರ ಮಾಸ್ತರ್ ಕೇಳಸ್ತಾರ. ಅಜ್ಜ ಬಾರಿಸಿದರ ಹಾಡ ಕೇಳಸ್ತದ," ಎನ್ನುತ್ತಿದ್ದರು.

ಮಾತೇನೋ ಚೆಂದ, ಆದರೆ ನಾನು ಒಪ್ಪಿದವಳಲ್ಲ. ಪಖವಾಜು ಕೇಳಲೆಂದೇ ಹೋದವಳಿಗೆ ಹಾಡು ಕಟ್ಟಿಕೊಂಡು ಏನಾಗಬೇಕು?

ಮೂರನೇ ನಂಬರಿಗೆ ಮಾತ್ರ ನಮ್ಮಲ್ಲಿ ತಕರಾರಿರಲಿಲ್ಲ. ಅದು ಕಾಕಾ ಅವರದು. ಎಡಗೈಯ ಗುಂಯ್ ಎನ್ನುವ ಗುಮುಕು ಅಷ್ಟು ಚೆನ್ನಾಗಿದ್ದರೂ ಅಂಗಡಿಯ ಚಟ ಭಜನೆಯಲ್ಲೂ ಬಿಡುತ್ತಿರಲಿಲ್ಲ. ಚಾದರ ಕೊಂಡವರಿಗೆ ಒಂದು ಕರವಸ್ತ್ರ ಕೊಸರು ಹಾಕುವ ಮನುಷ್ಯ. ಹಾಡು ಮುಗಿದು ತಾಳ ನಿಂತ ಮೇಲೂ 'ಧಾ' ಎಂದು ಒಂದು ಪೆಟ್ಟು ಹೆಚ್ಚಿಗೆ ಹಾಕಿಯೇ ಹಾಕುತ್ತಿದ್ದರು. ಅದು ಬಿದ್ದ ಕೂಡಲೇ ಹೆಂಗಸರ ಸಾಲಿನಿಂದ ಕಾಕು ಮೂರು ಬೆರಳು ಎತ್ತಿ ತೋರಿಸುತ್ತಿದ್ದರು. ಬಸ್ಸು ಹತ್ತಿದ ಮೇಲೆ ಬಾಯಿಬಿಟ್ಟೇ ಹೇಳುತ್ತಿದ್ದರು:

"ಅಂಗಡ್ಯಾಗ ಕೊಸರ ಕೊಡ್ರಿ, ಯಾರ ಬ್ಯಾಡಂತಾರ? ಭಜನ್ಯಾಗ ಬ್ಯಾಡ್ರಿ."

"ಒಂದ ಸಲಾರೆ ಒಂದನೇ ನಂಬರ್ ಕೊಡ. ಗಂಡ ಅದೀನಿ ನಾ."

"ಗಂಡ ಅಂತನ ಮೂರನೇದ. ಇಲ್ಲಂದ್ರ ನಾಕನೇದ ಆಗ್ತಿತ್ತ."

ಬಸ್ಸಿನಲ್ಲಿದ್ದವರೂ ನಗುತ್ತಿದ್ದರು. ಕಾಕಾಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಭಜನಾ ಮಂಡಳಿಯವರು ಹಾರ ಹಾಕಲಿ, ಊರೇ ವಾಹ್ವಾ ಎನ್ನಲಿ, ಅವರ ಕಣ್ಣು ಹೆಂಗಸರ ಸಾಲಿನ ಕಡೆಗೇ. ಇವತ್ತಾದರೂ ಒಂದು ಬೆರಳು ಕಡಿಮೆಯಾದೀತೇ ಎಂಬ ಆಸೆ...

ಹೋದ ಮಳೆಗಾಲದಲ್ಲಿ ಕಾಕು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನಾನು ಗಂಜಿ ಒಯ್ದಾಗ ಕಾಕಾ ಹೆಂಡತಿಯ ಕಾಲು ಒತ್ತುತ್ತ ಕೂತಿದ್ದರು. ಕಾಕು ಕಣ್ಣು ತೆರೆದು, ಒಂದೇ ಒಂದು ಬೆರಳು ಎತ್ತಿ, "ನಿಮ್ದ... ಒಂದನೇ ನಂಬರ್ ರೀ," ಎಂದರು.

ಕಾಕಾ ಅವರ ಮುಖ ಬಿಳಿಚಿಕೊಂಡಿತು. "ಹಂಗ ಅನಬ್ಯಾಡ. ಮೂರ ಅನ್ನ ನೀ. ಮೂರ ಅನ್ನ."

ಬದುಕಿಡೀ ಗಂಡನ ಮುಖ ನೋಡಿ ಹೊಗಳದ ಹೆಂಡತಿ ಈಗ ಹೊಗಳಿದರೆಂದರೆ ಹೊರಟು ನಿಂತಿದ್ದಾರೆ ಎಂದು ಅವರಿಗೆ ತಿಳಿದುಹೋಗಿತ್ತು. ಕಾಕು ಸಣ್ಣಗೆ ನಕ್ಕರು. ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಆ ವಾರವೇ ಹೋಗಿಬಿಟ್ಟರು.

ಆಮೇಲೆ ಪಖವಾಜು ಗೋಡೆಯ ಗೂಟ ಬಿಟ್ಟು ಇಳಿಯಲಿಲ್ಲ. ನಿನ್ನೆ ಕಾಕಾ ನಮ್ಮ ಬಾಗಿಲಿಗೆ ಬಂದು, "ಯವ್ವಾ, ನಾಳಿಗಿ ಒಂದ ಹಿಡಿ ಕಣಕ ನಾದಿ ಕೊಡತಿಯೇನ?" ಎಂದು ಕೇಳಿದರು.

ಇವತ್ತು ಸಂಜೆ ಅಕ್ಕಲಕೋಟೆಯಲ್ಲಿ ಭಜನೆಯ ಮೊದಲ ಪದಕ್ಕೆ ಅವರೇ ಬಾರಿಸಿದರು. ಹಾಡು ಎಲ್ಲಿ ನಿಂತಿತೋ ಕೈಯೂ ಅಲ್ಲೇ ನಿಂತಿತು. ಕೊಸರಿಲ್ಲ. "ಮಸ್ತ ಝಾಲಂ, ಕಾಕಾ!" ಎಂದು ಮಂಡಳಿಯವರು ಮರಾಠಿಯಲ್ಲಿ ಹೊಗಳಿದರು. ನಿಜ ಹೇಳಬೇಕೆಂದರೆ, ಆ ಒಂದು ಪದದ ಮಟ್ಟಿಗೆ ಮಾಸ್ತರರೂ ಅಜ್ಜನೂ ಹಿಂದೆ. ಈ ತೀರ್ಪನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಕಾಕಾ ಗೆದ್ದವರ ಹಾಗೆ ಕಾಣಲಿಲ್ಲ. ನನ್ನ ಪಕ್ಕದಲ್ಲಿ ಕಾಕು ಕೂಡುತ್ತಿದ್ದ ಜಾಗ ಖಾಲಿಯಾಗಿತ್ತು.

ಎರಡನೆಯ ಪದ ಮುಗಿಯಿತು. ತಾಳ ನಿಂತಿತು. ಆಮೇಲೆ, 'ಧಾ'.

ಕಾಕಾ ಹೆಂಗಸರ ಸಾಲಿನತ್ತ ತಿರುಗಿ ನೋಡಿದರು. ಯಾರಿಗಾಗಿ ನೋಡಿದರೋ ಅವರಿಲ್ಲ, ಇನ್ನು ಬರುವುದೂ ಇಲ್ಲ. ಆದರೂ ಅವರ ಕಣ್ಣು ಅಲ್ಲೇ ನಿಂತಿತ್ತು.

ನಾನು ಕೈ ಎತ್ತಿ ಮೂರು ಬೆರಳು ತೋರಿಸಿದೆ.

ಕಾಕಾ ಅಂಗೈಗೆ ಅಂಟಿದ ಕಣಕವನ್ನು ಧೋತರಕ್ಕೆ ಒರೆಸಿಕೊಂಡರು, ಕಣ್ಣನ್ನೂ ಒರೆಸಿಕೊಂಡರು. ಆಮೇಲೆ ಮುಂದಿನ ಪದಕ್ಕೆ ಪಖವಾಜನ್ನು ಹತ್ತಿರ ಎಳೆದುಕೊಂಡರು.