ಕೋತಿ ಇಲ್ಲದ ಕಾಡಿನಿಂದ ಬಂದವನು

ಯುದ್ಧಕ್ಕೆ ಪಟಾಲಂ ಸೇರಿ ಹೋಗಿದ್ದ ಮುನಿಶಾಮಪ್ಪ ಐದು ವರ್ಷವಾದ ಮೇಲೆ ಊರಿಗೆ ಬಂದ. ನಲವತ್ತಾರನೆಯ ಇಸವಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ದೇವನಹಳ್ಳಿಯಲ್ಲಿ ರೈಲಿಳಿದು, ಹೆಗಲಿಗೊಂದು ಖಾಕಿ ಚೀಲ ಹಾಕಿಕೊಂಡು ಕೆರೆ ಏರಿಯ ಮೇಲೆ ನಡೆದು ಬರುತ್ತಿದ್ದವನನ್ನು ಮೊದಲು ಕಂಡವಳು ಅವನ ಹೆಂಡತಿ ಅಕ್ಕಯಮ್ಮ. ಕಂಡರೂ ಓಡಿ ಹೋಗಲಿಲ್ಲ. ಸಗಣಿ ಮಂಕರಿ ಕೆಳಗಿಟ್ಟು ಸುಮ್ಮನೆ ನೋಡುತ್ತಾ ನಿಂತಳು. ಹೋದಾಗ ಇಬ್ಬರು ಹೋಗಿದ್ದರು, ಇವನೂ, ಕುಲದ ಯಜಮಾನ ಅಪ್ಪಯ್ಯಣ್ಣನ ಮಗ ಬೈರಪ್ಪನೂ. ಈಗ ಏರಿಯ ಮೇಲೆ ಬರುತ್ತಿದ್ದವನು ಒಬ್ಬನೇ.

ಆವತ್ತು ಸಂಜೆ ಕೈಕಾಲು ತೊಳೆದವನೇ ಮುನಿಶಾಮಪ್ಪ ಅಪ್ಪಯ್ಯಣ್ಣನ ಜಗುಲಿಗೆ ಹೋದ. ಹಿಂದೆಯೇ ಅಕ್ಕಯಮ್ಮನೂ ಹೋಗಿ ಬಾಗಿಲ ಮರೆಯಲ್ಲಿ ನಿಂತಳು.

"ಬೈರಪ್ಪಂಗೆ ಜ್ವರ ಬಂತು ದೊಡ್ಡಪ್ಪ. ಮೂರು ದಿನ, ಅಷ್ಟೆ."

ಅಪ್ಪಯ್ಯಣ್ಣ ಅಳಲೂ ಇಲ್ಲ, ಬೈಯಲೂ ಇಲ್ಲ. ಇಷ್ಟೇ ಕೇಳಿದ. "ನಿಂಗೆ ಬರ್ಲಿಲ್ವಾ ಜ್ವರ?"

"ಬಂತು. ಹೋಯ್ತು."

ಆ 'ಹೋಯ್ತು' ಅಕ್ಕಯಮ್ಮನಿಗೂ ಹಿಡಿಸಲಿಲ್ಲ.

ಅದು ರಾಗಿ ಬಡಿಯುವ ಕಾಲ. ಊರಿನ ಗಂಡಸರು ಹೆಂಗಸರೆಲ್ಲ ಹಗಲು ಕಣದಲ್ಲೇ ಇರುತ್ತಿದ್ದರು. ಎತ್ತುಗಳು ರೋಣಗಲ್ಲು ಎಳೆದುಕೊಂಡು ಸುತ್ತುತ್ತಿದ್ದರೆ ಮುನಿಶಾಮಪ್ಪ ಅವುಗಳ ಹಿಂದೆ ಸುತ್ತುತ್ತಾ ತಾನಿದ್ದ ದ್ವೀಪದ ಮಾತು ತೆಗೆಯುತ್ತಿದ್ದ. ಸಿಂಗಪುರದಲ್ಲಿ ಜಪಾನಿನವರು ಇವರನ್ನೆಲ್ಲ ಹಿಡಿದು, ಹಡಗಿನ ಹೊಟ್ಟೆಗೆ ತುಂಬಿ, ಎಷ್ಟೋ ದಿನದ ದಾರಿ ಸಾಗಿಸಿ ಆ ದ್ವೀಪದಲ್ಲಿ ಇಳಿಸಿದ್ದರಂತೆ. ಇಳಿದ ಕಡೆ ಬೆಟ್ಟವೊಂದು ಬೆಂಕಿ ಕಾರುತ್ತಿತ್ತಂತೆ. ಅದರ ಬೆನ್ನಿಗೇ ಕಾಡು. ಎಂಥ ಕಾಡು ಅಂದರೆ, ಮರದ ಬುಡದಲ್ಲಿ ಬೇರುಗಳು ಗೋಡೆ ಎದ್ದಂತೆ ಎದ್ದು ನಿಂತು, ಎರಡು ಬೇರಿನ ನಡುವೆ ಒಂದು ಜೊತೆ ಎತ್ತು ಕಟ್ಟಬಹುದಂತೆ. ಮಳೆ ನಿಂತು ಎಷ್ಟೋ ಹೊತ್ತಾದರೂ ಕಾಡಿನೊಳಗೆ ಮಳೆ ನಿಲ್ಲುವುದಿಲ್ಲವಂತೆ, ಎಲೆಯಿಂದ ಎಲೆಗೆ ಇಳಿದು ಬರುವುದಕ್ಕೆ ಅದಕ್ಕೆ ಅಷ್ಟು ಹೊತ್ತು ಬೇಕು.

"ದೊಡ್ಡ ಕೊಕ್ಕಿನ ಹಕ್ಕಿ ಒಂದೈತೆ. ತಲೆ ಮೇಲೆ ಹಾರಿದ್ರೆ ರೈಲು ಉಸಿರು ಬಿಟ್ಟಂಗೆ ಸದ್ದು. ಬಿಳೀ ಗಿಣಿ ಐತೆ, ಕಣ್ಣ ಸುತ್ತ ನೀಲಿ ಬಳೆ. ಸಾವಿರ ಗಿಣಿ ಒಟ್ಟಿಗೆ ಕಿರುಚ್ತವೆ, ಪಕ್ಕದಲ್ಲಿರೋನ ಮಾತು ಕೇಳಾಕಿಲ್ಲ."

"ಹುಲಿ?" ಅಂದ ಗಂಗಣ್ಣ. ಅವನು ಪಕ್ಕದ ಕಣದವನು, ಮುನಿಶಾಮಪ್ಪನಿಗೆ ವರಸೆಯಲ್ಲಿ ಭಾವ.

"ಹುಲಿ ಇಲ್ಲ."

"ನರಿ?"

"ನರೀನೂ ಇಲ್ಲ. ಒಂದು ಕೋತಿ ಕೂಡ ಇಲ್ಲ ಕಣ್ ಭಾವ."

ಗಂಗಣ್ಣ ಕವೆಗೋಲು ಊರಿ ನಿಂತ. "ಕಾಡು ಅಂತೀಯ, ಕೋತಿ ಇಲ್ಲ ಅಂತೀಯ. ಅಷ್ಟೊಂದು ಹಣ್ಣು ಯಾರು ತಿಂತಾರೆ, ನಿಮ್ಮ ಸಾಹೇಬ್ರಾ?"

ಕಣವೆಲ್ಲ ನಕ್ಕಿತು. ಮುನಿಶಾಮಪ್ಪನೂ ನಕ್ಕ. ಅಲ್ಲಿನ ಕೋಳಿಯ ಕಥೆ ಹೇಳಿದಾಗಲಂತೂ ತೂರುತ್ತಿದ್ದ ಹೆಂಗಸರು ಮೊರ ಕೆಳಗಿಟ್ಟರು. ಆ ಕೋಳಿ ಮೊಟ್ಟೆಗೆ ಕಾವು ಕೊಡುವುದಿಲ್ಲವಂತೆ. ಬೆಂಕಿ ಬೆಟ್ಟದ ಪಕ್ಕ ಮರಳು ಸದಾ ಬೆಚ್ಚಗಿರುತ್ತದೆ, ಅಲ್ಲಿ ಮೊಣಕೈ ಆಳ ಕೆರೆದು, ಮೊಟ್ಟೆ ಇಟ್ಟು, ಮುಚ್ಚಿ, ತಿರುಗಿ ನೋಡದೆ ಹೊರಟುಹೋಗುತ್ತದಂತೆ. ಮರಿ ತಾನೇ ತೋಡಿಕೊಂಡು ಮೇಲೆ ಬಂದು, ಅವತ್ತೇ ಹಾರುತ್ತದಂತೆ.

"ತಾಯಿ ಮಕ ನೋಡ್ದೆ?" ಅಂದಳು ಮಾರಕ್ಕ. ಮೂರು ಕೇರಿಯ ಮಾತೂ ಅವಳ ಮೊರದಲ್ಲಿ ಕೇರಿಯೇ ಹೊರಗೆ ಬೀಳುವುದು. "ಅಕ್ಕಯ್ಯಾ, ನಿನ್ ಗಂಡ ಐದು ವರ್ಷ ಇಂಥ ಕೋಳಿ ಜೊತೆ ಇದ್ದು ಬಂದವ್ನೆ, ಉಸಾರು. ಹಕ್ಕಿ ಹೇಳ್ತಾನೆ, ಮರ ಹೇಳ್ತಾನೆ, ಅಲ್ಲಿನ ಹೆಂಗಸರ ಸುದ್ದಿ ಒಂದು ದಿನಾನೂ ಹೇಳ್ಲಿಲ್ಲ ನೋಡು."

ಅಕ್ಕಯಮ್ಮ ಮೊರ ಎತ್ತಿಕೊಂಡಳು. ಆದರೆ ಅವತ್ತಿನಿಂದ ಗಂಡನ ಮಾತನ್ನು ಬೇರೆ ಕಿವಿಯಿಂದ ಕೇಳತೊಡಗಿದಳು. ಹೆಂಗಸೊಬ್ಬಳು ಯಾವ ಮರದ ಸಂದಿಯಿಂದಲಾದರೂ ಇಣುಕುತ್ತಾಳಾ ಅಂತ ಕಾದಳು. ಹೆಂಗಸು ಇಣುಕಲಿಲ್ಲ. ಇಣುಕಿದ್ದು ಬೇರೆಯದು.

ಹಾರಲಾರದ ಎದೆಮಟ್ಟದ ಹಕ್ಕಿಯ ಮಾತು ಬಂದರೆ, ಅದರ ತೊಡೆ ಕುರಿಯ ತೊಡೆಗಿಂತ ದಪ್ಪ ಅನ್ನುತ್ತಿದ್ದ. ಮರದ ಮೇಲೆ ಇರುವ ಬೆಕ್ಕಿನಂಥ ಪ್ರಾಣಿ, ಹೊಟ್ಟೆಯ ಚೀಲದಲ್ಲಿ ಮರಿ ಇಟ್ಟುಕೊಂಡು ಮಗುವಿನ ಹಾಗೆ ಕಣ್ಣು ಬಿಡುವುದು, ಅದರ ಬಾಲದ ಬುಡದಲ್ಲಿ ಎರಡು ಬೆರಳು ಕೊಬ್ಬು ಅನ್ನುತ್ತಿದ್ದ. ದೂರದಿಂದ ನೋಡಿದವನಿಗೆ ಚರ್ಮದೊಳಗಿನ ಕೊಬ್ಬು ಹೇಗೆ ಗೊತ್ತಾಗುತ್ತದೆ? ರಾತ್ರಿ ಊಟಕ್ಕಿಕ್ಕುವಾಗ ಅವನು ತಟ್ಟೆಯನ್ನು ನೆಕ್ಕಿದಂತೆ ಬಳಿಯುವುದನ್ನು ನೋಡಿ ಅವಳ ಅನುಮಾನ ಗಟ್ಟಿಯಾಯಿತು. ಅವರ ಕುಲದಲ್ಲಿ ಕುರಿ ಕೋಳಿ ತಿಂದಾರು, ಹಂದಿ ಬೇಟೆಯಾಡಿದರೆ ಅದನ್ನೂ ತಿಂದಾರು. ಹಾವು, ಉಡ, ಹೆಸರಿಲ್ಲದ ಪ್ರಾಣಿ ಮುಟ್ಟಿದವನಿಗೆ ಊಟದ ಸಾಲಿನಲ್ಲಿ ಎಲೆ ಇಲ್ಲ. ಎಲೆ ಹೋದ ಮನೆಗೆ ಹೆಣ್ಣು ಕೊಡುವವರಿಲ್ಲ, ಹೆಣ ಎತ್ತುವವರಿಲ್ಲ.

ಅನುಮಾನ ಅವಳಿಗೊಬ್ಬಳಿಗೇ ಬಂದಿದ್ದರೆ ನುಂಗಿಕೊಂಡಿರುತ್ತಿದ್ದಳು. ಆದರೆ ಕಣದ ಮೂಲೆಯಲ್ಲಿ, ಹುಲ್ಲಿನ ಮೆದೆಗೆ ಒರಗಿ, ಅಪ್ಪಯ್ಯಣ್ಣನೂ ದಿನಾ ಬಂದು ಕೂರುತ್ತಿದ್ದ. ನಗುವವರ ಜೊತೆ ನಗುತ್ತಿರಲಿಲ್ಲ. ಆಗೊಮ್ಮೆ ಈಗೊಮ್ಮೆ, ಮಗುವನ್ನು ಮಾತಾಡಿಸುವಷ್ಟು ಮೆತ್ತಗೆ, ಒಂದು ಪ್ರಶ್ನೆ ಕೇಳುತ್ತಿದ್ದ.

"ಉಡ ಐತೇನಪ್ಪಾ ಅಲ್ಲಿ?" ಅಂದ ಒಂದು ಮಧ್ಯಾಹ್ನ.

"ಐತೆ ದೊಡ್ಡಪ್ಪ, ನಮ್ಮ ಕಡೇದಕ್ಕಿಂತ ಮೂರು ಪಟ್ಟು. ಕಪ್ಪು ಮೈ, ಮೇಲೆ ರಾಗಿ ಚೆಲ್ಲಿದಂಗೆ ಹಳದಿ ಚುಕ್ಕೆ."

ಅಕ್ಕಯಮ್ಮ ಮೊರವನ್ನು ಜೋರಾಗಿ ಬಡಿದಳು. ಗಂಡ ಈ ಕಡೆ ನೋಡಲಿಲ್ಲ.

"ಅದರ ಚರ್ಮ ಸುಲಿಯೋದು ಕಷ್ಟ ಅಂತಾರೆ" ಅಂದ ಅಪ್ಪಯ್ಯಣ್ಣ.

"ಸುಲಿಯಾಕಿಲ್ಲ, ಹಂಗೇ ಕೆಂಡದ ಮೇಲೆ..." ಅಂದವನು ಅಲ್ಲಿಗೆ ನಿಲ್ಲಿಸಿದ.

ಎತ್ತುಗಳು ಮಾತ್ರ ಸುತ್ತುತ್ತಿದ್ದವು. ಗಂಗಣ್ಣ ಕೈಯಲ್ಲಿದ್ದ ಹುಲ್ಲನ್ನು ಎಲ್ಲಿ ಹಾಕಬೇಕೋ ತಿಳಿಯದವನಂತೆ ಹಿಡಿದೇ ನಿಂತ. ಅಪ್ಪಯ್ಯಣ್ಣ ಎದ್ದು, ಪಂಚೆ ಕೊಡವಿಕೊಂಡು, ಬಂದಷ್ಟೇ ಮೆಲ್ಲಗೆ ಹೋದ.

ಮಾರನೆಯ ಬೆಳಿಗ್ಗೆ ಕುಲದ ಓಲೆಕಾರ ಬಾಗಿಲಿಗೆ ಬಂದು ಕೂಗಿ ಹೇಳಿದ. ಸೋಮವಾರ ಭೈರೇದೇವರ ಗುಡಿಯ ಮುಂದೆ ಹೊಸ ಹಿಟ್ಟಿನ ಊಟ, ಹೊಸ ರಾಗಿಯ ಮೊದಲ ಮುದ್ದೆ. ಎಲೆ ಹಾಕುವ ಮುಂಚೆ ಮುನಿಶಾಮಪ್ಪ ಬಂದು ಕುಲದವರ ಮುಂದೆ ನಿಲ್ಲಬೇಕು. ಅಕ್ಕಸಾಲಿಗೂ ಹೇಳಿಕಳಿಸಿದೆ. ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಿನ್ನಬಾರದ್ದು ತಿಂದವನು ಒಪ್ಪಿಕೊಂಡರೆ, ಚಿನ್ನದ ತಂತಿ ಕಾಯಿಸಿ ಅವನ ನಾಲಿಗೆಗೆ ಮುಟ್ಟಿಸಿ ಸಾಲಿಗೆ ಕರೆದುಕೊಳ್ಳುವುದು ಕಟ್ಟಳೆ. ಒಪ್ಪದೆ ಸಿಕ್ಕಿಬಿದ್ದರೆ ಕರೆಯುವ ಮಾತೇ ಇಲ್ಲ.

ಅವತ್ತು ಮನೆ ಮುಂದಿನ ಹಗೇವು ತೆಗೆದಿದ್ದರು. ಆಳುದ್ದ ನೆಲದೊಳಗಿನ ಆ ಕಣಜಕ್ಕೆ ಮುನಿಶಾಮಪ್ಪ ಇಳಿದು, ಹೊಸ ರಾಗಿ ತುಂಬುವ ಮುಂಚೆ ಗೋಡೆಗೆ ಹುಲ್ಲು ಒತ್ತುತ್ತಿದ್ದ. ಅಕ್ಕಯಮ್ಮ ಮೇಲಿನಿಂದ ಹುಲ್ಲು ಇಳಿಸುತ್ತಿದ್ದಳು. ಮುಖ ಕಾಣದ ಕಡೆ ಇದ್ದಾಗಲೇ ಕೇಳಬೇಕು ಅನ್ನಿಸಿತು.

"ತಿಂದ್ಯಾ?"

ಒಳಗೆ ಹುಲ್ಲು ಒತ್ತುವುದು ನಿಂತಿತು.

"ತಿಂದೆ."

"ಉಡಾನಾ?"

"ಉಡ, ಹಾವು, ಮರದ ಬೆಕ್ಕು. ಬಾವಲಿ. ಕೊನೇ ವರ್ಷ ಅಕ್ಕಿ ಕೊಡೋದು ನಿಲ್ಲಿಸಿಬಿಟ್ರು. ಸಿಕ್ಕಿದ್ದು ತಿಂದೆ." ಹಗೇವಿನ ಬಾಯಿಂದ ಬರುವ ಆ ಮಾತು ಅವನದಲ್ಲವೇನೋ ಅನ್ನುವಷ್ಟು ಗುಂಯ್‌ಗುಟ್ಟುತ್ತಿತ್ತು.

"ಬೈರಪ್ಪ?"

"ಅವ್ನು ತಿನ್ಲಿಲ್ಲ."

ಅವಳು ಹುಲ್ಲಿನ ಹೊರೆ ಹಿಡಿದೇ ಕುಕ್ಕರಿಸಿದಳು. ಜ್ವರ ಅನ್ನುವುದು ಸುಳ್ಳು ಅಂತ ಗೊತ್ತಾಯಿತು. ಅದಕ್ಕಿಂತ ದೊಡ್ಡದೊಂದು ಹೆದರಿಕೆ ಅದರ ಹಿಂದೆಯೇ ಬಂತು. ಇದು ಅಪ್ಪಯ್ಯಣ್ಣನಿಗೆ ತಿಳಿದರೆ, ನೀನು ಹೊಟ್ಟೆ ತುಂಬಿಸಿಕೊಂಡು ಪಕ್ಕದಲ್ಲಿ ಕೂತು ನನ್ನ ಮಗ ಒಣಗುವುದನ್ನು ನೋಡಿದೆಯಾ ಅನ್ನದೆ ಬಿಟ್ಟಾನೆಯೇ?

"ನೋಡು, ತಿಂದೆ ಅಂತ ಒಪ್ಕೊ. ನಾಲಿಗೆ ಸುಟ್ಟರೆ ನಾಲ್ಕು ದಿನಕ್ಕೆ ವಾಸಿ ಆಯ್ತದೆ. ಬೈರಪ್ಪನ ಮಾತು ಮಾತ್ರ ಎತ್ತಬೇಡ. ಜ್ವರ ಅಂದಿದ್ದೀಯ, ಜ್ವರ ಅಂತ್ಲೇ ಇರ್ಲಿ."

"ಹೂಂ" ಅಂದ ಅವನು. ಹಗೇವಿನೊಳಗೆ ಮತ್ತೆ ಹುಲ್ಲು ಸರಸರ ಅಂತು.

ಸೋಮವಾರ ಗುಡಿಯ ಮುಂದೆ ಕುಲದವರೆಲ್ಲ ಸೇರಿದರು. ಒಂದು ಕಡೆ ಹಿಟ್ಟು ತೊಳಸಿ ಮುದ್ದೆ ಕಟ್ಟುತ್ತಿದ್ದರು, ಅವರೆಸಾರು ಕುದಿಯುತ್ತಿತ್ತು. ಇನ್ನೊಂದು ಕಡೆ ಅಕ್ಕಸಾಲಿ ಕೆಂಡದ ಪುಟ್ಟ ಕುಂಪಟೆಗೆ ಊದುತ್ತಿದ್ದ. ಅಕ್ಕಯಮ್ಮ ಸಾರಿನ ಹಂಡೆಯ ಪಕ್ಕ ಸೌಟು ಹಿಡಿದು ನಿಂತಳು. ಇಷ್ಟು ದಿನ ಅವಳ ಕೈಯಿಂದ ಸೌಟು ಇಸಕೊಳ್ಳುತ್ತಿದ್ದ ಹೆಂಗಸರು ಇವತ್ತು ಒಬ್ಬರೂ ಹತ್ತಿರ ಸುಳಿಯಲಿಲ್ಲ. ಮಾರಕ್ಕನೂ ದೂರದಲ್ಲೇ ನಿಂತು ಸೆರಗು ಸರಿಮಾಡಿಕೊಂಡಳು.

"ಏನಪ್ಪಾ, ತಿಂದಿದ್ದು ಉಂಟಾ?" ಅಂದ ಅಪ್ಪಯ್ಯಣ್ಣ.

"ಉಂಟು ದೊಡ್ಡಪ್ಪ. ತಪ್ಪಾಯ್ತು."

ಕುಲದವರಿಗೆ ಉಸಿರು ಬಿಟ್ಟಂತಾಯಿತು. ಒಪ್ಪಿಕೊಂಡನಲ್ಲ, ಇನ್ನೇನು. ಗಂಗಣ್ಣ ಅಕ್ಕಸಾಲಿಗೆ ಸನ್ನೆಯನ್ನೂ ಮಾಡಿಬಿಟ್ಟ. ಅಕ್ಕಯಮ್ಮ ಮುಗೀತು ಅಂದುಕೊಂಡಳು.

ಅಪ್ಪಯ್ಯಣ್ಣ ಕೈ ಎತ್ತಿ ತಡೆದ. "ಇನ್ನೊಂದು ಮಾತೈತೆ. ನೀವಿಬ್ರೂ ಒಂದೇ ಕಾಡಲ್ಲಿದ್ರಿ. ನನ್ ಮಗ ತಿಂದ್ನಾ?"

ದಿನಾ ಕಣಕ್ಕೆ ಬಂದು ಕೂರುತ್ತಿದ್ದುದು ಯಾವ ಮಾತಿಗಾಗಿ ಅನ್ನುವುದು ಅಕ್ಕಯಮ್ಮನಿಗೆ ಈಗ ಹೊಳೆಯಿತು. ಗಂಡನ ಕಡೆ ನೋಡಿದಳು. ತಿಂದ ಅಂದರೆ ಸತ್ತವನ ಮೇಲೆ ಕಳಂಕ. ತಿನ್ನಲಿಲ್ಲ ಅಂದರೆ ಬದುಕಿರುವವನ ಮೇಲೆ ಹಗೆ. ಜ್ವರ ಅನ್ನು, ಜ್ವರ ಅನ್ನು ಅಂತ ಅವಳ ತುಟಿ ಅಲುಗಾಡುತ್ತಿತ್ತು.

ಮುನಿಶಾಮಪ್ಪ ಅಪ್ಪಯ್ಯಣ್ಣನ ಕಡೆಗೆ ತಿರುಗಿದ.

"ತಿನ್ಲಿಲ್ಲ ದೊಡ್ಡಪ್ಪ. ಜ್ವರ ಅಂದಿದ್ದು ಸುಳ್ಳು. ನಾನು ಬಾಯಿಗೆ ತುರುಕಿದೆ, ಉಗುಳಿಬಿಟ್ಟ. ಎಲೆ ಅಗೀತಿದ್ದ, ಬೇರು ಅಗೀತಿದ್ದ. ಇದು ನೀರಕೋಳಿ ಕಣೋ ಅಂತ ಒಂದಿನ ಮೋಸಾನೂ ಮಾಡಿದೆ, ವಾಸನೇಲೇ ಕಂಡುಹಿಡಿದ. ಊರಿಗೆ ಹೋದ್ರೆ ಅಪ್ಪ ಕೇಳ್ತಾನೆ, ನಾನೇನು ಹೇಳ್ಲಿ ಅಂತಿದ್ದ. ಕೊನೇಗೂ ಅದೇ ಮಾತು. ಅಪ್ಪ ಕೇಳ್ತಾನೆ."

ಕುಂಪಟೆಗೆ ಊದುವುದು ನಿಂತಿತು. ಅಪ್ಪಯ್ಯಣ್ಣನ ಮುಖದಲ್ಲಿ ಏನೂ ಕದಲಲಿಲ್ಲ. ಅವನ ಕೈ ಮಾತ್ರ ಪಕ್ಕದಲ್ಲಿ ಏನನ್ನೋ ಹುಡುಕುವಂತೆ ಆಡಿ, ಗುಡಿಯ ಕಲ್ಲುಕಂಬ ಸಿಕ್ಕಿದ ಮೇಲೆ ಅದನ್ನು ಹಿಡಿದುಕೊಂಡಿತು.

"ತಂತಿ ಕಾದೈತೆ ಯಜಮಾನ್ರೇ" ಅಂದ ಅಕ್ಕಸಾಲಿ.

"ಆರ್ಲಿ ಬಿಡು."

ಗಂಗಣ್ಣ ಮುಂದೆ ಬಂದ. "ಮಾವ, ಒಪ್ಕೊಂಡವ್ನಲ್ಲಾ. ಕಟ್ಟಳೆ?"

"ಕಟ್ಟಳೆ ಉಳಿಸ್ಕೊಂಡವ್ನು ಅಲ್ಲೇ ಮಲಗವ್ನೆ" ಅಂದ ಅಪ್ಪಯ್ಯಣ್ಣ. "ಎಲೆ ಹಾಕ್ರಿ."

ಸಾಲು ಕೂತಿತು. ಅಪ್ಪಯ್ಯಣ್ಣ ತನ್ನ ಪಕ್ಕದ ಜಾಗ ತೋರಿಸಿ ಮುನಿಶಾಮಪ್ಪನನ್ನು ಕೂರಿಸಿಕೊಂಡ. ಇದು ಕ್ಷಮೆಯೋ, ಇನ್ನೇನಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೋ, ಅಕ್ಕಯಮ್ಮನಿಗೆ ತಿಳಿಯಲಿಲ್ಲ. ಅಪ್ಪಯ್ಯಣ್ಣನ ಎಲೆಯ ಮೇಲೂ ಹೊಸ ರಾಗಿಯ ಹಿಟ್ಟು ಬಿತ್ತು, ಸಾರು ಬಿತ್ತು. ಅವನು ಮುಟ್ಟಲಿಲ್ಲ. ಪಕ್ಕದವನ ಕೈಯನ್ನೇ ನೋಡುತ್ತಾ ಕೂತ. ಮುನಿಶಾಮಪ್ಪ ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ಬಾಯಿಗೆ ತರಲಾರದೆ ಹಿಡಿದುಕೊಂಡ.

"ತಿನ್ನು" ಅಂದ ಅಪ್ಪಯ್ಯಣ್ಣ.

ತಿಂದ. ಇನ್ನೊಂದು ತುತ್ತು. ಮತ್ತೊಂದು. ಅಪ್ಪಯ್ಯಣ್ಣನ ಕಣ್ಣು ಎಲೆಯಿಂದ ಬಾಯಿಗೂ ಬಾಯಿಂದ ಎಲೆಗೂ ಹೋಗಿ ಬರುತ್ತಿತ್ತು. ಎಲೆ ಬರಿದಾಗುತ್ತಾ ಬಂದಾಗ ತಲೆ ಎತ್ತಿ, ಸಾರಿನ ಹಂಡೆಯ ಕಡೆ ತಿರುಗಿ, ಅಕ್ಕಯಮ್ಮನನ್ನೇ ಕರೆದ.

"ಇನ್ನೊಂದು ಹಿಟ್ಟು ತಗೊಂಡ್ ಬಾರಮ್ಮಾ."

ಅವಳು ತಂದು ಇಕ್ಕಿದಳು. ಬಗ್ಗಿದಾಗ ಮುದುಕನ ಮುಖ ಹತ್ತಿರದಿಂದ ಕಂಡಿತು, ಮಗ ಉಣ್ಣುವುದನ್ನು ನೋಡುವ ಅಪ್ಪನ ಮುಖ. ಅದನ್ನು ನೋಡಿದ ಮೇಲೂ ಇದು ಕ್ಷಮೆ ಅಂತ ಅವಳಿಗೆ ನಂಬಿಕೆ ಬರಲಿಲ್ಲ, ಆದರೆ ಸೌಟು ಹಿಡಿದು ಅಲ್ಲೇ ನಿಂತಳು, ಇನ್ನೂ ಕೇಳಿದರೆ ಇಕ್ಕೋಣ ಅಂತ.