ದೊನ್ಯಾ ಕುಸ್ತೋದಿಯಾಳ ಪಥ್ಯದ ಚೀಟಿ

ದುಯ್ತಾಮಾ ಊರಿನಲ್ಲಿ ಕುಸ್ತೋದಿಯಾ ಸಿಯಾಚೋಕೆಯ ಬಾಯಿಗೆ ಹೆದರದವರು ಇಬ್ಬರೇ ಇಬ್ಬರು. ಒಬ್ಬರು ಪಾದ್ರಿ, ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇನ್ನೊಬ್ಬ ಅವಳ ಗಂಡ ಅನ್ಸೆಲ್ಮೊ, ಅವನು ಸತ್ತು ಹದಿನಾಲ್ಕು ವರ್ಷವಾಗಿತ್ತು. ಉಳಿದವರೆಲ್ಲ, ಮಾಂಸದಂಗಡಿಯವನಿಂದ ಹಿಡಿದು ಮೇಯರನ ಹೆಂಡತಿಯವರೆಗೆ, ಅವಳು ಕಂಬಳಿ ಹೊದ್ದು ಟೋಪಿ ಸರಿಮಾಡಿಕೊಂಡು ಬೀದಿಗಿಳಿದಳೆಂದರೆ ಎರಡು ಹೆಜ್ಜೆ ದೂರವೇ ನಿಲ್ಲುತ್ತಿದ್ದರು. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇತ್ತು, ನಿಜ. ಆದರೆ ಬೀದಿಯ ಸಿಟ್ಟು ಬೀದಿಯಲ್ಲೇ ಇಳಿದುಹೋಗುತ್ತದೆ. ನಾನು ಹೇಳುತ್ತಿರುವುದು ಮೂರು ತಿಂಗಳು ಒಳಗೇ ಕುದ್ದ ಸಿಟ್ಟಿನ ಮಾತು, ಅದರಲ್ಲಿ ಅರ್ಧ ಅವಳು ತನ್ನ ಮೇಲೇ ಮಾಡಿಕೊಂಡದ್ದು.

ಹುಟ್ಟಿದ್ದು ಆಲೂಗಡ್ಡೆ ಬೆಳೆಯುವವರ ಮನೆಯಲ್ಲಿ, ಒಂಬತ್ತು ಮಕ್ಕಳಲ್ಲಿ ಆರನೆಯವಳಾಗಿ. ಹನ್ನೆರಡನೇ ವಯಸ್ಸಿಗೇ ಸೈಕಲ್ಲಿನ ಎರಡೂ ಪಕ್ಕ ಹಾಲಿನ ಕ್ಯಾನು ಕಟ್ಟಿಕೊಂಡು ಬೆಟ್ಟ ಇಳಿದು ಹತ್ತುತ್ತಿದ್ದಳು. ಅನ್ಸೆಲ್ಮೊ ಯೌವನದಲ್ಲಿ ಸೈಕಲ್ ಪಂದ್ಯ ತುಳಿದವನು. ಬೆನ್ನ ಜೇಬಿನಲ್ಲಿ ಬೆಲ್ಲದ ಚೂರು, ಬಾಟಲಿಯಲ್ಲಿ ಬೆಲ್ಲದ ನೀರು, ಹೊಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ. ಇಷ್ಟರ ಮೇಲೆಯೇ ಅವನು ಮೋಡಕ್ಕಿಂತ ಮೇಲಿರುವ ಏರುಗಳನ್ನೆಲ್ಲ ದಾಟಿದ. ಅವನು ಹೋದ ಮೇಲೆ ಕುಸ್ತೋದಿಯಾ ಹೆಣ್ಣುಮಕ್ಕಳ ಸೈಕಲ್ ತಂಡವೊಂದರ ಮನೆಗೆ ಅಡುಗೆಯವಳಾಗಿ ಸೇರಿದಳು. ಎಂಟು ಹುಡುಗಿಯರು, ಎಂಟೂ ಹಳ್ಳಿಯವು. ಅವರಿಗೆ ಅಡುಗೆಯೂ ಅವಳದೇ, ಕಾವಲೂ ಅವಳದೇ, ಬೈಗುಳವೂ ಅವಳದೇ.

ಐವತ್ತೆಂಟನೇ ವಯಸ್ಸಿನಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಎಡಗಾಲಿನ ಹೆಬ್ಬೆರಳ ಗಾಯ ಎಷ್ಟು ದಿನವಾದರೂ ಮಾಯಲಿಲ್ಲ. ಆರೋಗ್ಯ ಕೇಂದ್ರದ ಡಾಕ್ಟರಮ್ಮ ಮಾತ್ರೆಯ ಜೊತೆಗೆ ಒಂದು ಪಥ್ಯದ ಚೀಟಿ ಕೊಟ್ಟಳು: ಮೆಕ್ಕೆಜೋಳದ ಅರೆಪಾ ರೊಟ್ಟಿ ಬೇಡ, ಆಲೂಗಡ್ಡೆ ಬೇಡ, ಅನ್ನ ಬೇಡ, ಬೆಲ್ಲವಂತೂ ಬೇಡವೇ ಬೇಡ. ಮೊಟ್ಟೆ, ಚೀಸ್, ಮಾಂಸ, ಬೆಣ್ಣೆಹಣ್ಣು, ಸೊಪ್ಪು ಎಷ್ಟು ಬೇಕಾದರೂ. ಆಲೂಗಡ್ಡೆ ತಿಂದೇ ಬೆಳೆದ ಹೆಂಗಸು ಮೊದಲ ವಾರ ಅತ್ತಳು, ಎರಡನೇ ವಾರ ಎಲ್ಲರನ್ನೂ ಬೈದಳು, ಮೂರನೇ ವಾರದಿಂದ ಹಠ ಹಿಡಿದಳು. ಎಂಟು ತಿಂಗಳಲ್ಲಿ ಹನ್ನೊಂದು ಕಿಲೊ ಇಳಿಯಿತು, ಗಾಯ ಮಾಯಿತು, ಮಂಡಿ ನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳಿಗೆ ಆ ಚೀಟಿ ದೇವರಪಟವಾಯಿತು. ತಂಡದ ಅಡುಗೆಮನೆಯ ಗೋಡೆಗೆ ಅಂಟಿಸಿದಳು.

ಅಲ್ಲಿಗೇ ಸುಮ್ಮನಿದ್ದಿದ್ದರೆ! ಶುಭ ಶುಕ್ರವಾರ ಊರಿಗೆ ಊರೇ ಶಿಲುಬೆಯ ಗುಡ್ಡ ಹತ್ತುವಾಗ, ತಂಡದ ಕೋಚ್ ಗಿಲ್ಬೆರ್ತೊ ಬರಗಾನ್ ನಡುದಾರಿಯಲ್ಲಿ ಸೊಂಟ ಹಿಡಿದುಕೊಂಡು ನಿಂತಿದ್ದ. ಕುಸ್ತೋದಿಯಾ ಅವನನ್ನು ದಾಟಿಕೊಂಡು ಸರಸರನೆ ಹತ್ತಿದಳು.

"ಏನ್ ದೊನ್ಯಾ, ರೆಕ್ಕೆ ಬಂದಿದೆಯಾ ನಿಮಗೆ?" ಎಂದು ಕೆಳಗಿನಿಂದ ಕೂಗಿದ ಅವನು.

"ರೆಕ್ಕೆ ಅಲ್ಲ ಪ್ರೊಫೆ, ಭಾರ ಇಳೀತು ಅಷ್ಟೆ! ಅರೆಪಾ, ಆಲೂಗಡ್ಡೆ, ಬೆಲ್ಲ, ಮೂರೂ ವಿಷ ಕಣ್ರೀ! ಬಿಟ್ಟು ನೋಡಿ, ಹುಡುಗ ಆಗ್ತೀರ!"

ಪ್ರೊಫೆ ಎಂದರೆ ಮೇಷ್ಟ್ರು, ದೊನ್ಯಾ ಎಂದರೆ ಅಮ್ಮಾವ್ರು. ಊರೆಲ್ಲ ಅವರಿಬ್ಬರನ್ನೂ ಹಾಗೇ ಕರೆಯುತ್ತಿತ್ತು. ಆ ದಿನ ಅವಳು ಗುಡ್ಡದ ತುದಿಯಿಂದ ಕೆಳಗಿನವರೆಗೂ ಅವನಿಗೆ ಪಥ್ಯದ ಪುರಾಣ ಹೇಳಿದಳು. ಹುಡುಗಿಯರ ಮುಂದೆಯೂ ಹೇಳುತ್ತಲೇ ಇದ್ದಳು. ಹೊಗಳಿಕೆ ಯಾರಿಗೆ ಬೇಡ? ಸೋಮವಾರ ಬೆಳಿಗ್ಗೆ ಅಡುಗೆಮನೆಗೆ ಬಂದರೆ ಗೋಡೆಯ ಮೇಲೆ ಚೀಟಿ ಇಲ್ಲ. ಅದು ಊಟದ ಕೋಣೆಯ ಬಾಗಿಲಿಗೆ ಏರಿತ್ತು, ಎಂಟು ನಕಲುಗಳ ಸಮೇತ, ಒಬ್ಬೊಬ್ಬ ಹುಡುಗಿಯ ಹೆಸರಿಗೆ ಒಂದೊಂದು. ಬಾಗಿಲ ಪಕ್ಕದಲ್ಲೇ ತೂಕದ ಯಂತ್ರ.

"ಏರಿನಲ್ಲಿ ಒಂದ್ ಕಿಲೊ ಇಳಿದ್ರೆ ಒಂದ್ ನಿಮಿಷ ಉಳೀತು ಅಂತ ಲೆಕ್ಕ. ಐವತ್ತೆಂಟರ ದೊನ್ಯಾ ನನ್ನನ್ನೇ ಹಿಂದೆ ಹಾಕಿದ್ರು ಅಂದ್ಮೇಲೆ ನೀವು ಯಾರನ್ನ ಹಿಂದೆ ಹಾಕಲ್ಲ?" ಎಂದು ಭಾಷಣ ಮಾಡಿದ ಬರಗಾನ್. ಕುಸ್ತೋದಿಯಾ ಸೌಟು ಹಿಡಿದುಕೊಂಡು ನಿಂತು ಹೆಮ್ಮೆಯಿಂದ ನಕ್ಕಳು. ಆ ನಗುವನ್ನು ಆಮೇಲೆ ನೆನೆದಾಗಲೆಲ್ಲ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನ್ನಿಸುತ್ತಿತ್ತು ಅವಳಿಗೆ.

ಮೊದಲ ತಿಂಗಳು ಎಲ್ಲವೂ ಚೆನ್ನಾಗಿಯೇ ಕಂಡಿತು. ತೂಕ ಇಳಿಯಿತು, ಏರಿನ ಸಮಯವೂ ಇಳಿಯಿತು. ಎಲ್ಲರಿಗಿಂತ ಹೆಚ್ಚು ಹಗುರಾದವಳು ಮಾರ್ಲೆನಿ ಚಪಾರೊ. ಹತ್ತೊಂಬತ್ತು ವರ್ಷ, ಬೆಟ್ಟ ಹತ್ತುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಸೆಪ್ಟೆಂಬರಿನ ಐದು ದಿನಗಳ ಪಂದ್ಯದಲ್ಲಿ ಮೊದಲ ಐವರೊಳಗೆ ಬಂದರೆ ಸ್ಪೇನಿನ ತಂಡವೊಂದು ಕರೆದುಕೊಂಡು ಹೋಗುವುದಾಗಿ ಹೇಳಿತ್ತು. ಹಾಗಾಗಿ ಚೀಟಿಯನ್ನು ಅವಳಷ್ಟು ನಿಷ್ಠೆಯಿಂದ ಯಾರೂ ಪಾಲಿಸಲಿಲ್ಲ. ಹುಟ್ಟುಹಬ್ಬಕ್ಕೆ ತಾಯಿ ಕಳಿಸಿದ ಸಿಹಿಯನ್ನೂ ಬೀದಿನಾಯಿಗೆ ಹಾಕಿದಳು.

ಜೂನ್ ಹೊತ್ತಿಗೆ ಹುಡುಗಿ ಬಿಸಿಲಲ್ಲೂ ನಡುಗತೊಡಗಿದಳು. ಬಾಚಣಿಗೆಯಲ್ಲಿ ಹಿಡಿ ಹಿಡಿ ಕೂದಲು. ಅಭ್ಯಾಸ ಮುಗಿಸಿ ಬಂದವಳು ಬೂಟು ಬಿಚ್ಚುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದಳು. ಇದನ್ನೆಲ್ಲ ಕಷ್ಟದ ತರಬೇತಿ ಎಂದುಕೊಂಡು ಕುಸ್ತೋದಿಯಾ ಸುಮ್ಮನಿದ್ದಳು. ಅವಳಿಗೆ ಅನುಮಾನ ಹುಟ್ಟಿದ್ದು ಬಚ್ಚಲಮನೆಯ ಕಪಾಟು ತೆಗೆದಾಗ. ಹುಡುಗಿಯರ ಮುಟ್ಟಿನ ಪ್ಯಾಡು ತಂದಿಡುವುದು ಅವಳ ಕೆಲಸ. ಎಂಟು ಹುಡುಗಿಯರಿಗೆ ತಿಂಗಳಿಗೆ ಎಂಟು ಹತ್ತು ಪೊಟ್ಟಣ ಬೇಕು. ಏಪ್ರಿಲಿನಲ್ಲಿ ತಂದಿಟ್ಟದ್ದೇ ಇನ್ನೂ ಮುಗಿದಿರಲಿಲ್ಲ. ಒಬ್ಬೊಬ್ಬರನ್ನೇ ಮೂಲೆಗೆ ಕರೆದು ಕೇಳಿದಳು. ಐದು ಹುಡುಗಿಯರಿಗೆ ನಿಂತಿತ್ತು. ಮಾರ್ಲೆನಿಗೆ ಎರಡು ತಿಂಗಳಾಗಿತ್ತು.

"ಬಸುರಿ ಅಲ್ಲ ತಾನೇ?" ಎಂದು ಕೇಳಿದಳು.

"ಯಾವಾಗ ಆಗ್ಲಿ ದೊನ್ಯಾ, ಸೈಕಲ್ ಮೇಲಾ?" ಎಂದಳು ಮಾರ್ಲೆನಿ. ನಗಲು ಹೋದವಳಿಗೆ ನಗುವಷ್ಟೂ ತ್ರಾಣವಿರಲಿಲ್ಲ.

ಕುಸ್ತೋದಿಯಾ ನೇರ ಆರೋಗ್ಯ ಕೇಂದ್ರಕ್ಕೆ ಹೋದಳು. ಡಾಕ್ಟರಮ್ಮ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟಳು. "ಆ ಚೀಟಿ ನಿಮಗೆ ಬರೆದದ್ದು ದೊನ್ಯಾ. ನಿಮ್ಮ ಮೈಗೆ ಸಕ್ಕರೆ ಅರಗಿಸಿಕೊಳ್ಳೋಕಾಗಲ್ಲ, ಅದಕ್ಕೆ ಬೇಡ ಅಂದೆ. ದಿನಕ್ಕೆ ಐದು ಗಂಟೆ ಬೆಟ್ಟ ತುಳಿಯೋ ಮಕ್ಕಳಿಗೆ ಇದನ್ನ ಯಾರ್ರೀ ಕೊಟ್ಟಿದ್ದು? ಖರ್ಚಾಗೋದು ಅಷ್ಟು, ಒಳಗೆ ಹೋಗೋದು ಇಷ್ಟು. ಮೈ ಒಂದೊಂದೇ ದೀಪ ಆರಿಸ್ತಾ ಬರುತ್ತೆ. ಮೊದಲು ಮುಟ್ಟು ನಿಲ್ಲುತ್ತೆ, ಆಮೇಲೆ ಮೂಳೆ ಸವೆಯುತ್ತೆ."

ಕೊಟ್ಟದ್ದು ಯಾರು? ದಾರಿಯುದ್ದಕ್ಕೂ ಕುಸ್ತೋದಿಯಾ ತನ್ನನ್ನೇ ಬೈದುಕೊಂಡಳು. ಹಾಳು ಬಾಯಿ, ಬಾಯಿಬಡುಕಿ, ನಿನ್ನ ನಾಲಿಗೆಗೆ ಬರೆ ಹಾಕ!

ತಂಡದ ಮನೆಯ ಅಂಗಳದಲ್ಲಿ ಬರಗಾನ್ ಮಧ್ಯಾಹ್ನದ ಊಟಕ್ಕೆ ಕೂತಿದ್ದ. ಹಂದಿಮಾಂಸ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಎರಡು ಅರೆಪಾ. ಕೋಚಿಗೆ, ಮೆಕ್ಯಾನಿಕ್ಕಿಗೆ, ಡ್ರೈವರಿಗೆ ಹಳೇ ಅಡುಗೆಯೇ ನಡೆಯುತ್ತಿತ್ತು; ದಿನವೂ ಬೇಯಿಸಿ ಹಾಕುತ್ತಿದ್ದವಳಿಗೆ ಅದು ಕಣ್ಣಿಗೆ ಕುಕ್ಕಿದ್ದು ಅವತ್ತೇ.

"ಪ್ರೊಫೆ, ಹುಡುಗೀರಿಗೆ ಮುಟ್ಟು ನಿಂತುಹೋಗಿದೆ. ಇವತ್ತು ರಾತ್ರಿಯಿಂದ ಅವರಿಗೂ ಆಲೂಗಡ್ಡೆ ಬೇಯಿಸ್ತೀನಿ."

ಬರಗಾನ್ ತಲೆ ಎತ್ತಲಿಲ್ಲ. "ಪಂದ್ಯ ತುಳಿಯೋ ಹುಡುಗೀರಿಗೆ ಅದು ಮಾಮೂಲಿ ದೊನ್ಯಾ. ತರಬೇತಿ ಸರಿಯಾಗಿ ಮೈಗೆ ಹತ್ತಿದೆ ಅಂತ ಅರ್ಥ. ಒಂದ್ ರಗಳೆ ಕಮ್ಮಿ ಆಯ್ತಲ್ಲ, ಖುಷಿ ಪಡಲಿ."

"ಖುಷಿ ಪಡಬೇಕಾ? ನಿಮ್ಮ ಮಗಳಿಗಾಗಿದ್ರೆ ಖುಷಿ ಪಡ್ತಿದ್ರಾ? ಬಾಯಿ ತುಂಬ ಆಲೂಗಡ್ಡೆ ಇಟ್ಕೊಂಡು ಈ ಮಾತಾಡ್ತೀರಲ್ರೀ, ಗಂಟಲಲ್ಲಿ ಸಿಕ್ಕೊಳ್ಳಲ್ವಾ?"

"ನೀವೇ ಹೇಳಿದ್ದು ವಿಷ ಅಂತ. ನಾನ್ ಹೇಳಿದ್ನಾ?"

ಊರಿನ ಬಾಯನ್ನೇ ಮುಚ್ಚಿಸಿದ ಕುಸ್ತೋದಿಯಾ ಅಡುಗೆಮನೆಗೆ ವಾಪಸು ನಡೆದಳು. ಆ ರಾತ್ರಿ ಹಠದಿಂದ ಒಂದು ಪಾತ್ರೆ ಆಲೂಗಡ್ಡೆ ಬೇಯಿಸಿ ಮೇಜಿನ ಮೇಲಿಟ್ಟಳು. ನಾಲ್ವರು ಕದ್ದುಮುಚ್ಚಿ ತಿಂದರು. ಮಾರ್ಲೆನಿ ಮುಟ್ಟಲಿಲ್ಲ. "ನನಗೆ ಸ್ಪೇನಿಗೆ ಹೋಗ್ಬೇಕು ದೊನ್ಯಾ. ನನ್ನ ಕೆಡಿಸ್ಬೇಡಿ," ಎಂದಳು. ಜುಲೈ, ಆಗಸ್ಟ್ ಎರಡೂ ಹೀಗೇ ಕಳೆದವು. ಕುಸ್ತೋದಿಯಾ ಬೇಡಿದಳು, ಗದರಿದಳು, ಮೊಟ್ಟೆಯೊಳಗೆ ಹಿಟ್ಟು ಕದಡಿ ಮೋಸದಿಂದಲೂ ಹಾಕಿನೋಡಿದಳು. ಹುಡುಗಿ ವಾಸನೆಯಲ್ಲೇ ಕಂಡುಹಿಡಿದು ತಟ್ಟೆ ಆಚೆ ತಳ್ಳಿದಳು.

ಸೆಪ್ಟೆಂಬರಿನ ಪಂದ್ಯದ ನಾಲ್ಕನೇ ದಿನ ಪೆನ್ಯಾ ನೆಗ್ರಾ ಏರು, ಇಪ್ಪತ್ತೊಂದು ಕಿಲೊಮೀಟರು. ಮಾರ್ಲೆನಿ ಆರನೇ ಸ್ಥಾನದಲ್ಲಿದ್ದಳು. ಸ್ಪೇನಿನ ತಂಡದವನು ತುದಿಯಲ್ಲಿ ಕಾಯುತ್ತಿದ್ದ. ಏರು ಶುರುವಾಗುವ ಮುಂಚಿನ ತಿರುವಿನಲ್ಲಿ ಬುತ್ತಿ ಚೀಲ ಚಾಚಿ ಹಿಡಿಯುವುದು ಕುಸ್ತೋದಿಯಾಳ ಕೆಲಸ. ಸವಾರರು ನಿಲ್ಲದೆ ಕೈಹಾಕಿ ಕಸಿದುಕೊಂಡು ಹೋಗುತ್ತಾರೆ. ಚೀಲದಲ್ಲಿ ಬರಗಾನ್ ಹೇಳಿದ ಮೊಟ್ಟೆ, ಚೀಸ್ ಇದ್ದವು. ಅವುಗಳ ಕೆಳಗೆ ಎಲೆಯಲ್ಲಿ ಸುತ್ತಿದ ಸೀಬೆಹಣ್ಣಿನ ಹಲ್ವಾದ ನಾಲ್ಕು ತುಂಡುಗಳನ್ನು ಅವಳು ಬೇಕೆಂದೇ ಇಟ್ಟಿದ್ದಳು.

ಮಾರ್ಲೆನಿ ಚೀಲ ಕಸಿದುಕೊಂಡಳು. ಇಪ್ಪತ್ತು ಮಾರು ದಾಟಿರಲಿಲ್ಲ, ಕೈ ಒಳಗೆ ಹೋಯಿತು. ಎಲೆಯ ಪೊಟ್ಟಣಗಳು ಒಂದೊಂದಾಗಿ ಚರಂಡಿಗೆ ಬಿದ್ದವು. ನಾಲ್ಕೂ ಬಿದ್ದವು. "ಅಯ್ಯೋ ಮೂಳ ಮುಂಡೇದೇ!" ಎಂದು ಕುಸ್ತೋದಿಯಾ ರಸ್ತೆಯ ನಡುವೆಯೇ ಕಿರುಚಿದಳು. ಯಾರನ್ನು ಬೈದಳೋ ಅವಳಿಗೇ ತಿಳಿಯದು.

ಎಲ್ಲರೂ ದಾಟಿದ ಮೇಲೆ ತಂಡದ ವ್ಯಾನು ಹಿಂದೆ ಹತ್ತಿತು. ತುದಿಗೆ ಇನ್ನೂ ಆರು ಕಿಲೊಮೀಟರು ಇರುವಾಗ ಮಾರ್ಲೆನಿ ಕಂಡಳು, ರಸ್ತೆ ಬದಿಯ ಹುಲ್ಲಿನಲ್ಲಿ, ಸೈಕಲ್ಲನ್ನು ತಬ್ಬಿಕೊಂಡು ಕೂತಿದ್ದಳು. ತುಟಿ ಬೆಳ್ಳಗಾಗಿತ್ತು. ಕುಸ್ತೋದಿಯಾ ಹಾರಿ ಇಳಿದು, "ನಿಮ್ಮ ಊರು ಯಾವುದೇ?" ಎಂದು ಕೇಳಿದರೆ ಹುಡುಗಿಗೆ ಹೊಳೆಯಲಿಲ್ಲ. ತನ್ನ ಊರು! ಬೆಲ್ಲದ ನೀರಿನ ಬಾಟಲಿ ಬಾಯಿಗಿಟ್ಟರೆ ಹಲ್ಲು ಕಚ್ಚಿ ಹಿಡಿದಳು.

ಅಷ್ಟರಲ್ಲಿ ಬರಗಾನ್‌ನ ಕಾರು ಮೇಲಿಂದ ತಿರುಗಿಕೊಂಡು ಬಂತು. "ಹತ್ತಿಸ್ರೀ ಅವಳನ್ನ ಸೈಕಲ್ ಮೇಲೆ! ಹೊತ್ತು ಮೀರಿಲ್ಲ ಇನ್ನೂ! ಏಳೇ ಮಾರ್ಲೆನಿ, ಮನಸ್ಸಿದ್ರೆ ಆಗುತ್ತೆ, ಏಳು!"

ಮನಸ್ಸಿದ್ದರೆ! ಹುಡುಗಿ ನಿಜವಾಗಿಯೂ ಏಳಲು ಹೊರಟಳು, ನೋಡಿ. ಕಾಲು ನಿಲ್ಲದೆ ಮತ್ತೆ ಕುಸಿದಳು, ಮತ್ತೆ ಎದ್ದಳು. ಅದನ್ನು ಕಂಡು ಕುಸ್ತೋದಿಯಾಳಿಗೆ ಕಣ್ಣು ಕತ್ತಲಿಟ್ಟಿತು. ಬೆನ್ನಿನ ಮೇಲೆ ನಂಬರಿನ ಬಟ್ಟೆ ನಾಲ್ಕು ಪಿನ್ನಿನಲ್ಲಿ ನಿಂತಿತ್ತು. ಅದನ್ನು ಬಿಚ್ಚಿದರೆ ಪಂದ್ಯ ಬಿಟ್ಟಂತೆ. ಬಿಚ್ಚುವ ಹಕ್ಕು ತುಳಿಯುವವಳಿಗೆ, ಇಲ್ಲವೇ ಪಂದ್ಯದ ಅಧಿಕಾರಿಗೆ. ಅಡುಗೆಯವಳಿಗಂತೂ ಅಲ್ಲ. ಕುಸ್ತೋದಿಯಾ ಕೈ ಹಾಕಿ ಎಳೆದಳು. ಅಂಗಿಯ ಸಮೇತ ಚರ್ರೆಂದು ಹರಿದು ಬಂತು.

"ಏನ್ ಮಾಡ್ಬಿಟ್ರಿ! ಅವಳ ಬಾಳು ಹಾಳ್ ಮಾಡ್ಬಿಟ್ರಲ್ರೀ!" ಬರಗಾನ್ ತಲೆ ಚಚ್ಚಿಕೊಂಡ.

"ಹಾಳ್ ಮಾಡಿದ್ದು ನಾವಿಬ್ರೂ ಸೇರಿ! ನಾನು ಬಾಯಲ್ಲಿ, ನೀವು ತಕ್ಕಡೀಲಿ! ಕಾಯಿಲೆ ಮುದುಕಿ ಪಥ್ಯಾನ ತಂದು ಎಳೇ ಮಕ್ಕಳ ತಟ್ಟೇಲಿ ಹಾಕಿದ್ರಲ್ಲ, ನೀವು ಮೇಷ್ಟ್ರಾ? ಹೋಗ್ರೀ ಆಚೆ! ನೆರಳು ಕೂಡ ಬೀಳಬಾರದು ಇವಳ ಮೇಲೆ!" ಎಂದು ಬಾಟಲಿ ಎತ್ತಿದ ರಭಸಕ್ಕೆ ಅವನು ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ.

ಹುಡುಗಿ ಅಳುತ್ತಿದ್ದಳು. ಡ್ರೈವರನ ಬುತ್ತಿಯಿಂದ ಕುಸ್ತೋದಿಯಾ ಒಂದು ಆಲೂಗಡ್ಡೆ ತೆಗೆದು ಸಿಪ್ಪೆ ಸುಲಿದಳು.

"ನೀವ್ ಮೊದಲು ತಿನ್ನಿ," ಎಂದಳು ಮಾರ್ಲೆನಿ, ಹಲ್ಲು ಬಿಗಿಹಿಡಿದು. "ವಿಷ ಅಂದಿದ್ದು ನೀವು. ನೀವ್ ತಿಂದ್ರೆ ನಾನೂ ತಿಂತೀನಿ."

ಒಂದು ಕಚ್ಚು ಕಚ್ಚಿದ್ದರೆ ಮುಗಿಯುತ್ತಿತ್ತು. ಕುಸ್ತೋದಿಯಾಳಿಗೆ ಬಾಯಲ್ಲಿ ನೀರೂರಿತು, ಆಸೆಯೂ ಆಯಿತು, ಅಷ್ಟೇ ಸಿಟ್ಟೂ ಬಂತು.

"ನಾನ್ಯಾಕೇ ತಿನ್ಲಿ? ನನಗೆ ಕಾಯಿಲೆ ಕಣೇ! ನಾನು ತಿಂದ್ರೆ ಕಾಲು ಹೋಗುತ್ತೆ, ನೀನು ತಿನ್ನದೆ ಹೋದ್ರೆ ನೀನೇ ಹೋಗ್ತೀಯ! ನನ್ನ ನೋಡ್ಕೊಂಡು ಬಿಟ್ಟೆ, ಈಗ ನನ್ನ ನೋಡ್ಕೊಂಡು ತಿಂತೀಯಾ? ನಿನ್ನ ಹೊಟ್ಟೆ ಕೇಳೇ ಮಗಳೇ, ನನ್ನ ಬಾಯಿ ಕೇಳ್ಬೇಡ! ನಾನು ಹೇಳಿದ್ದು ತಪ್ಪು. ತಪ್ಪು, ತಪ್ಪು, ಸಾಕಾ?"

ಅವಳು ತಪ್ಪು ಒಪ್ಪಿಕೊಂಡದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಡ್ರೈವರ್ ಆಕಡೆ ತಿರುಗಿ ನಿಂತ. ಮಾರ್ಲೆನಿ ಕೈ ಚಾಚಿದಳು, ಆಲೂಗಡ್ಡೆ ತೆಗೆದುಕೊಂಡು ಕಣ್ಣೀರು, ಮಣ್ಣು, ಉಪ್ಪು ಎಲ್ಲ ಸೇರಿಸಿ ತಿಂದಳು.

ಮರುದಿನ ಕುಸ್ತೋದಿಯಾಳ ಕೆಲಸ ಹೋಯಿತು. ಸ್ಪೇನಿನವನು ಬೇರೆ ತಂಡದ ಹುಡುಗಿಯನ್ನು ಕರೆದುಕೊಂಡು ಹೋದ. ಮಾರ್ಲೆನಿ ತಂಡ ಬಿಟ್ಟು ತಾಯಿಯ ಮನೆಗೆ ಹೋದಳು. ಹೋಗುವಾಗ ಕುಸ್ತೋದಿಯಾಳ ಮುಖ ನೋಡಲಿಲ್ಲ. ನಾಲ್ಕು ತಿಂಗಳು ಒಂದು ಮಾತಿಲ್ಲ. ನಂಬರು ಕಿತ್ತ ಕೈಯನ್ನು ಕುಸ್ತೋದಿಯಾ ಒಂದು ದಿನ ಸರಿ ಎನ್ನುತ್ತಿದ್ದಳು, ಒಂದು ದಿನ ಶಪಿಸುತ್ತಿದ್ದಳು.

ಜನವರಿಯ ಒಂದು ಬೆಳಿಗ್ಗೆ ಅವಳು ಕೋಳಿಗಳಿಗೆ ಕಾಳು ಹಾಕುತ್ತಿದ್ದಾಗ ಫೋನು ಬಂತು.

"ದೊನ್ಯಾ, ನಾನು ಮಾರ್ಲೆನಿ. ನಿಮ್ಮ ಮೇಲೆ ನನಗೆ ಇನ್ನೂ ಕೋಪ ಇದೆ."

"ಇರಲಿ."

"ಸ್ಪೇನು ಹೋಯ್ತಲ್ಲ. ಅದನ್ನ ಮರೆಯೋಕಾಗ್ತಿಲ್ಲ."

"ಮರೀಬೇಡ."

"ಇವತ್ತು ಬೆಳಿಗ್ಗೆ ಮುಟ್ಟಾದೆ. ಅಮ್ಮಂಗೂ ಇನ್ನೂ ಹೇಳಿಲ್ಲ, ನಿಮಗೇ ಮೊದಲು ಹೇಳ್ಬೇಕು ಅನ್ನಿಸ್ತು."

ಕುಸ್ತೋದಿಯಾ ಕಾಳಿನ ಬುಟ್ಟಿಯನ್ನು ನೆಲಕ್ಕಿಟ್ಟಳು. ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡು, ಎರಡು ಸಲ ಕೆಮ್ಮಿದಳು.

"ತಿಂಡಿ ಆಯ್ತಾ?"

"ಆಯ್ತು. ಅರೆಪಾ ತಿಂದೆ, ಎರಡು."

"ಎರಡೇನಾ?" ಎಂದು ಕುಸ್ತೋದಿಯಾ ಕಿರುಚಿದ ಕಿರುಚಿಗೆ ಕೋಳಿಗಳೆಲ್ಲ ಚೆದುರಿ ಓಡಿದವು.